ಹೊಡೆಯುವುದು ಬಿಟ್ಟು ಬೀಸಲು ಕಲಿತದ್ದು: ಒಬ್ಬ ಗಾಲ್ಫ್ ಆಟಗಾರರ ಪ್ರಕರಣ

ಮಂಗಳೂರಿನಲ್ಲಿ ಗಾಲ್ಫ್ ಆಡುವವರು ಜಾಸ್ತಿ ಇಲ್ಲ. ಪಿಲಿಕುಳದ ಗಾಲ್ಫ್ ಮೈದಾನದ ಕಡೆ ಬೆಳಿಗ್ಗೆ ಹೋಗುವವರಿಗೆ ಬ್ಯಾಗ್ ನೋಡಿದರೇ ಸಾಕು, ಯಾರು ಬಂದಿದ್ದಾರೆಂದು ಗೊತ್ತಾಗುತ್ತದೆ. ಆದ್ದರಿಂದ ಈ ಪ್ರಕರಣದಲ್ಲಿ ಹೆಸರು, ಕಸುಬು, ಮನೆ ಇರುವ ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಅಭ್ಯಾಸ ಎಲ್ಲಿ ನಡೆಯಿತು ಎಂಬುದನ್ನೂ ಹೇಳುವುದಿಲ್ಲ. ನಾನು ಗಾಲ್ಫ್ ಕಲಿಸಿದ ಆ ಆಟಗಾರರನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನನ್ನ ತಪ್ಪುಗಳನ್ನೂ ಬಿಡದೆ ಬರೆಯಬೇಕು ಎಂಬುದೊಂದೇ ಅವರ ಷರತ್ತು.

ಹಿನ್ನೆಲೆ

ರಾಯರಿಗೆ ಆಗ 54 ವರ್ಷ. ಗಾಲ್ಫ್ ಹಿಡಿದು ಮೂರು ವರ್ಷ ಆಗಿತ್ತು. ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ಹೇಳುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು) 26. ಬಲಗೈ ಆಟಗಾರರು, ಗಟ್ಟಿ ಆಳು. ಹರೆಯದಲ್ಲಿ ಅವರು ಅಂಡರ್‌ಆರ್ಮ್ ಕ್ರಿಕೆಟ್‌ನಲ್ಲಿ ಒಳ್ಳೆಯ ಬ್ಯಾಟರ್. ನಮ್ಮ ಕರಾವಳಿಯಲ್ಲಿ ಈ ಆಟ ಆಡದ ಊರಿಲ್ಲ. ಅಲ್ಲಿ ಚೆಂಡು ಕೆಳಗೆ ಬರುತ್ತದೆ, ಸಮಯ ಇರುವುದಿಲ್ಲ, ಮುಂಗೈಯಿಂದ ಎಳೆದು ಲೆಗ್ ಸೈಡಿಗೆ ಬಾರಿಸಬೇಕು. ಅದಕ್ಕೆ ತೋಳಿನ ಬಲ ಬೇಕು, ಬೇಗ ಬೇಕು. ಆ ಅಭ್ಯಾಸ ಅವರ ಕೈಯಲ್ಲಿ ಮೂವತ್ತು ವರ್ಷದಿಂದ ಕೂತಿತ್ತು.

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಉಂಟು. ಕ್ರಿಕೆಟ್‌ನಿಂದ ಗಾಲ್ಫಿಗೆ ಬಂದವರಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಕ್ರಿಕೆಟ್‌ನಲ್ಲಿ ಚೆಂಡು ನಮ್ಮ ಕಡೆ ಬರುತ್ತದೆ, ನಾವು ಉತ್ತರ ಕೊಡುತ್ತೇವೆ. ಗಾಲ್ಫ್‌ನಲ್ಲಿ ಚೆಂಡು ಸುಮ್ನೆ ಕೂತಿರುತ್ತದೆ. ಹಾಗೆ ಕೂತ ಚೆಂಡನ್ನು ಕಂಡರೆ ಇವರಿಗೆ ಅದಕ್ಕೆ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ.

ಅವರು ನನ್ನ ಬಳಿ ಬಂದಾಗ ಕೇಳಿದ್ದು ಒಂದೇ: "ಇನ್ನೊಂದು 20 ಯಾರ್ಡ್ ದೂರ ಹೋಗಬೇಕು ಮಾರಾಯ್ರೆ. ಡ್ರೈವರ್ ಹೊಸತು ತಗೊಂಡೆ, ಆದ್ರೂ ಹೋಗುವುದಿಲ್ಲ." ಡ್ರೈವರ್ ಎಂದರೆ ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು.

ತೊಂದರೆ ಏನಿತ್ತು

ಮೊದಲ ದಿನ ಫೋನಿನಲ್ಲಿ ಎರಡು ಕಡೆಯಿಂದ ವಿಡಿಯೊ ತೆಗೆದೆ, ಒಂದು ಎದುರಿನಿಂದ, ಇನ್ನೊಂದು ಹಿಂದಿನಿಂದ. ಡ್ರೈವರ್‌ನಲ್ಲಿ 20 ಚೆಂಡು ಹೊಡೆಸಿದೆ. 14 ಚೆಂಡು ಬಲಕ್ಕೆ ಬಾಗಿ ಹೋದವು. ಸೆವೆನ್ ಐರನ್‌ನಲ್ಲಿ (ಮಧ್ಯಮ ದೂರದ ಕ್ಲಬ್) ಹಲವು ಸಲ ಕ್ಲಬ್ ಚೆಂಡಿಗಿಂತ ಮೊದಲೇ ನೆಲಕ್ಕೆ ಬಿತ್ತು.

ನಿಧಾನ ಮಾಡಿ ನೋಡಿದಾಗ ವಿಷಯ ಸ್ಪಷ್ಟ ಇತ್ತು. ಕ್ಲಬ್ ಮೇಲೆ ಹೋಗಿ ತಲುಪುವ ಮೊದಲೇ ಕೈ ಕೆಳಕ್ಕೆ ಹೊರಡುತ್ತಿತ್ತು. ಬಲಭುಜ ಹೊರಗೆ ನುಗ್ಗುತ್ತಿತ್ತು. ಕ್ಲಬ್ ಹೊರಗಿನಿಂದ ಒಳಕ್ಕೆ ಅಡ್ಡ ಹಾಯುತ್ತಿತ್ತು, ಅದರ ಮುಖ ಆ ದಾರಿಗೆ ಹೋಲಿಸಿದರೆ ಬಲಕ್ಕೆ ತೆರೆದಿರುತ್ತಿತ್ತು. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ತೀರ್ಮಾನಿಸುವುದು ಕ್ಲಬ್ಬಿನ ಮುಖ. ಆಮೇಲೆ ಅದು ಎತ್ತ ಬಾಗುತ್ತದೆ ಎಂಬುದು ಮುಖಕ್ಕೂ ಬೀಸಿನ ದಾರಿಗೂ ಇರುವ ಅಂತರದಿಂದ ಬರುತ್ತದೆ. ಹಾಗಾಗಿ ಬಲಕ್ಕೆ ಬಾಗಿದ್ದು ಆಶ್ಚರ್ಯವೇ ಅಲ್ಲ.

ಇನ್ನೊಂದು ಪರೀಕ್ಷೆ ಮಾಡಿಸಿದೆ. ಇದನ್ನು ಯಾರು ಬೇಕಾದರೂ ಮನೆಯ ಅಂಗಳದಲ್ಲಿ ಮಾಡಬಹುದು. ಡ್ರೈವರನ್ನು ತಿರುವಿ, ತಲೆಯ ಕಡೆ ಹಿಡಿದು, ಚೆಂಡಿಲ್ಲದೆ ಬೀಸುವುದು. ಗಾಳಿ ಸೀಳುವ "ಸುಯ್" ಸದ್ದು ಕೇಳುತ್ತದೆ. ಆ ಸದ್ದು ಎಲ್ಲಿ ಜಾಸ್ತಿ ಕೇಳಿತೋ ಅಲ್ಲಿ ವೇಗ ಜಾಸ್ತಿ. ಅದು ಚೆಂಡು ಇರಬೇಕಾದ ಜಾಗದಲ್ಲಿ, ಇಲ್ಲವೇ ಅದರಿಂದ ಸ್ವಲ್ಪ ಮುಂದೆ ಕೇಳಬೇಕು. ರಾಯರದ್ದು ಬಲಭುಜದ ಹತ್ತಿರ ಕೇಳಿತು. ಅಂದರೆ ಇದ್ದಬದ್ದ ವೇಗವನ್ನೆಲ್ಲ ಮೇಲೆಯೇ ಖರ್ಚು ಮಾಡಿ, ಚೆಂಡಿನ ಹತ್ತಿರ ಬರುವಾಗ ಕೈ ಬರಿದು.

ಹತ್ತಿರದ ಹೊಡೆತಗಳದ್ದು ಬೇರೆಯೇ ಕತೆ. ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗ) 50 ಯಾರ್ಡ್ ಇರುವಾಗ ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್) ತೆಗೆದುಕೊಂಡರೆ, ಒಂದೋ ಚೆಂಡು ಎರಡು ಮಾರು ಮುಂದೆ ಬೀಳುತ್ತಿತ್ತು, ಇಲ್ಲಾಂದ್ರೆ ಗ್ರೀನ್ ದಾಟಿ ಹಿಂದಿನ ಪೊದೆಗೆ. ಎದುರಿಗೆ ನೀರೋ ಇಳಿಜಾರೋ ಇದ್ದರೆ ಇನ್ನೂ ಬಲ ಹಾಕುತ್ತಿದ್ದರು. ಎಡಮೊಣಕೈಯ ಹೊರಬದಿಯಲ್ಲಿ ನೋವು ಆಗಲೇ ಶುರುವಾಗಿತ್ತು. ಅದನ್ನು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಮೊದಲು ನಾನು ಮಾಡಿದ್ದು

ನಾನು ನಾಲ್ಕು ಸೂಚನೆ ಕೊಟ್ಟೆ. ಬಲಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಮಣಿಕಟ್ಟನ್ನು ಕೊನೆಯವರೆಗೂ ಬಿಚ್ಚದೆ ಹಿಡಿದಿಡಿ. ಸೊಂಟ ಮೊದಲು ತಿರುಗಲಿ. ತಲೆ ಅಲ್ಲಾಡಬಾರದು. ನಾಲ್ಕೂ ಒಳ್ಳೆಯ ಆಟಗಾರರ ವಿಡಿಯೊದಲ್ಲಿ ಕಾಣುವ ಸಂಗತಿಗಳೇ, ಒಂದೂ ಸುಳ್ಳಲ್ಲ. ಆರು ವಾರ ಇದನ್ನೇ ಮಾಡಿಸಿದೆ.

ಅಭ್ಯಾಸದಲ್ಲಿ ಸ್ವಲ್ಪ ಸುಧಾರಿಸಿತು. ಆಟಕ್ಕೆ ಇಳಿದರೆ ಮೊದಲಿಗಿಂತ ಕೆಟ್ಟಿತು. ಯಾಕೆ ಎಂದು ಈಗ ಸರಿಯಾಗಿ ಹೇಳಬಲ್ಲೆ. ನುರಿತ ಆಟಗಾರರಲ್ಲಿ ಕ್ಲಬ್ ಮೇಲೆ ಹೋಗಲು ಸುಮಾರು ಮುಕ್ಕಾಲು ಸೆಕೆಂಡ್, ಕೆಳಗೆ ಚೆಂಡಿನವರೆಗೆ ಬರಲು ಸುಮಾರು ಕಾಲು ಸೆಕೆಂಡ್. ಒಂದು ವಿಷಯ ಕಂಡು ಕೈಕಾಲು ಉತ್ತರ ಕೊಡಲು ಮನುಷ್ಯನಿಗೆ ಹತ್ತಿರ ಹತ್ತಿರ ಅಷ್ಟೇ ಹೊತ್ತು ಬೇಕು. ಇನ್ನು ಕ್ಲಬ್ಬೂ ಚೆಂಡೂ ಒಂದಕ್ಕೊಂದು ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಈ ಕಾಲು ಸೆಕೆಂಡಿನೊಳಗೆ ನಾಲ್ಕು ಸೂಚನೆ ನೆನಪಿಟ್ಟು ಪಾಲಿಸಿ ಎಂದು ನಾನು ಹೇಳುತ್ತಿದ್ದೆ. ಅವರು ಪ್ರಾಮಾಣಿಕವಾಗಿ ಪ್ರಯತ್ನ ಪಟ್ಟರು. ಪ್ರಯತ್ನ ಪಟ್ಟಷ್ಟೂ ಮೈ ಬಿಗಿಯಾಯಿತು.

ಎರಡನೇ ತಪ್ಪು ಇನ್ನೂ ದೊಡ್ಡದು. ಬಲಕ್ಕೆ ಬಾಗುವುದು ನಿಲ್ಲಲಿ ಎಂದು ಅವರ ಗ್ರಿಪ್ಪನ್ನು ಜಾಸ್ತಿ ಬಲಕ್ಕೆ ತಿರುಗಿಸಿ ಹಿಡಿಸಿದೆ. ಕೆಲವು ಚೆಂಡು ನೇರ ಹೋದವು. ಕೆಲವು ಮೊದಲಿನ ಹಾಗೆ ಬಲಕ್ಕೆ, ಕೆಲವು ಸಟ್ಟನೆ ಎಡಕ್ಕೆ. ಚೆಂಡು ಯಾವಾಗಲೂ ಒಂದೇ ಕಡೆ ತಪ್ಪಿದರೆ ಅದಕ್ಕೆ ತಕ್ಕ ಗುರಿ ಇಟ್ಟುಕೊಂಡು ಆಡಬಹುದು. ಎರಡೂ ಕಡೆ ತಪ್ಪುವವರು ಎಲ್ಲಿಗೆ ಗುರಿ ಇಡಬೇಕು? ಅವರಿಗಿದ್ದ ಒಂದೇ ಭರವಸೆಯನ್ನೂ ನಾನು ಕಿತ್ತುಕೊಂಡಿದ್ದೆ.

ಏಳನೇ ವಾರ ಮೊಣಕೈ ನೋವು ಜೋರಾಯಿತು. ಬೆಳಿಗ್ಗೆ ಚಹಾದ ಲೋಟ ಎತ್ತಲೂ ಕಷ್ಟ ಎಂದರು. ಫಿಸಿಯೋಥೆರಪಿಸ್ಟ್ ನೋಡಿ, ಮೂರು ವಾರ ಚೆಂಡು ಹೊಡೆಯಲೇಬಾರದು ಎಂದರು. ರಾಯರು ಕ್ಲಬ್ಬುಗಳನ್ನು ಮಾರುವ ಯೋಚನೆಯಲ್ಲಿದ್ದರು.

ಸುಲ್ತಾನ್ ಬತ್ತೇರಿಯ ಸಂಜೆ

ಆ ಮೂರು ವಾರದ ನಡುವೆ ಒಂದು ಸಂಜೆ ರಾಯರು ವಾಕಿಂಗ್ ಅಂತ ಸುಲ್ತಾನ್ ಬತ್ತೇರಿ ಕಡೆ ಹೋಗಿದ್ದರು. ತಣ್ಣೀರುಬಾವಿಗೆ ದಾಟುವ ದೋಣಿಯ ಹತ್ತಿರ, ಗುರುಪುರ ನದಿಯ ಅಂಚಿನಲ್ಲಿ ಒಬ್ಬರು ಬೀಸುಬಲೆ ಹಾಕುತ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ, ಸಪೂರ ಮೈ. ಬಲೆ ಪ್ರತಿ ಸಲವೂ ದುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುತ್ತಿತ್ತು. ಪಕ್ಕದಲ್ಲಿದ್ದ ಒಬ್ಬ ಯುವಕ ಅದೇ ಬಲೆಯನ್ನು ಬಲ ಹಾಕಿ ಎಸೆದ. ಅದು ಮುದ್ದೆಯಾಗಿ ಬಿತ್ತು.

ರಾಯರು ಅರ್ಧ ಗಂಟೆ ನೋಡಿದರಂತೆ. ಆಮೇಲೆ ಕೇಳಿದರಂತೆ, "ಅಣ್ಣ, ಇದಕ್ಕೆ ಎಷ್ಟು ಬಲ ಬೇಕು?" ಅವರು ತುಳುವಿನಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ಬಲೆಯ ಅಂಚಿಗೆ ಸೀಸದ ಗುಂಡು ಕಟ್ಟಿದ್ದೇ ಅದಕ್ಕಲ್ವಾ, ಬಿಚ್ಚುವುದು ಗುಂಡಿನ ಕೆಲಸ, ನಾನು ಮೈ ತಿರುಗಿಸಿ ಬಿಡುವುದು ಮಾತ್ರ.

ರಾತ್ರಿ ಒಂಬತ್ತೂವರೆಗೆ ನನಗೆ ಫೋನ್ ಬಂತು. "ನಾವು ಬೀಸುವುದೇ ಇಲ್ಲ ಮಾರಾಯ್ರೆ. ಹೊಡೆಯುವುದು ಮಾತ್ರ."

ಇಡೀ ಪ್ರಕರಣ ತಿರುಗಿದ್ದು ಈ ಒಂದು ಮಾತಿನಲ್ಲಿ. ನನಗೆ ಗೊತ್ತಿಲ್ಲದ ವಿಷಯ ಅಲ್ಲ ಅದು. ಎರ್ನೆಸ್ಟ್ ಜೋನ್ಸ್ ಎಂಬ ಇಂಗ್ಲಿಷ್ ಗಾಲ್ಫ್ ಶಿಕ್ಷಕ ಮೊದಲ ಮಹಾಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡವರು. ಆಮೇಲೂ ಅವರು ಚೆನ್ನಾಗಿ ಆಡಿದರು. ಕರವಸ್ತ್ರದ ತುದಿಗೆ ಪುಟ್ಟ ಚಾಕು ಕಟ್ಟಿ ತೂಗಿ, ಸ್ವಿಂಗ್ (ಬೀಸು) ಎಂದರೆ ಇದು ಎಂದು ತೋರಿಸುತ್ತಿದ್ದರು. ಬಟ್ಟೆಯನ್ನು ದೂಡಲು ಆಗುವುದಿಲ್ಲ, ತೂಗಲು ಮಾತ್ರ ಆಗುತ್ತದೆ. ಇದನ್ನೆಲ್ಲ ಓದಿಯೂ ನಾನು ರಾಯರಿಗೆ ದೂಡುವುದನ್ನೇ ಚಂದ ಮಾಡಿಸಲು ಹೊರಟಿದ್ದೆ.

ಗಾಲ್ಫ್‌ನಲ್ಲಿ ವೇಗವನ್ನು ಮೇಲೆಯೇ ಚೆಲ್ಲುವ ತಪ್ಪಿಗೆ ಕಾಸ್ಟಿಂಗ್ ಎನ್ನುತ್ತಾರೆ, ಮೀನಿನ ಗಾಳ ಎಸೆದ ಹಾಗೆ ಎಂಬ ಅರ್ಥದಲ್ಲಿ. ಆ ತಪ್ಪಿಗೆ ಔಷಧ ಸಿಕ್ಕಿದ್ದು ಬಲೆ ಬೀಸುವವರ ಹತ್ತಿರ. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹೊಸದಾಗಿ ಶುರು ಮಾಡಿದ್ದು

ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಬೈರಾಸಿನಿಂದ (ಹೆಗಲಿಗೆ ಹಾಕುವ ಟವೆಲ್) ಶುರು ಮಾಡಿದೆವು. ಬೈರಾಸಿನ ಒಂದು ತುದಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸುವುದು. ಗಂಟು ಹಿಂದೆ ಹೋಗಿ ಬೆನ್ನಿಗೆ ಮೆಲ್ಲ ತಾಗಬೇಕು. ಆಮೇಲೆ ಮಾತ್ರ ಮುಂದಕ್ಕೆ ಬರಬೇಕು. ಅವಸರ ಮಾಡಿದರೆ ಬೈರಾಸು ಮಡಚಿಕೊಂಡು ಬಿಡುತ್ತದೆ, ಕೈಗೆ ಕೂಡಲೇ ಗೊತ್ತಾಗುತ್ತದೆ. ನನ್ನ ಆರು ವಾರದ ಮಾತು ಹೇಳದ್ದನ್ನು ಆ ಬಟ್ಟೆ ಎರಡು ದಿನದಲ್ಲಿ ಹೇಳಿತು.

ಇಲ್ಲಿ ನಾನು ಒಂದು ತೀರ್ಮಾನ ಮಾಡಿದೆ. ಹಳೆಯ ನಾಲ್ಕು ಸೂಚನೆಗಳನ್ನು ಪೂರ್ತಿ ಬಿಟ್ಟೆ. ಇನ್ನು ಮುಂದೆ ಒಂದೇ ವಿಷಯ, ಎಣಿಕೆ. ಒಂದು, ಎರಡು, ಮೂರು ಎನ್ನುವಾಗ ಕ್ಲಬ್ ಮೇಲೆ. ನಾಲ್ಕಕ್ಕೆ ಚೆಂಡು. ಮೇಲೆ ಹೋಗುವ ಹೊತ್ತು ಕೆಳಗೆ ಬರುವುದರ ಮೂರು ಪಟ್ಟು. ಬಾಲ್ಯದಿಂದ ಯಕ್ಷಗಾನ ಆಟ ನೋಡಿದ ರಾಯರಿಗೆ ತಾಳ ಮೈಯಲ್ಲೇ ಇತ್ತು. ಒಂದೇ ವಾರದಲ್ಲಿ ಎಣಿಕೆ ಕೂತಿತು.

ಹಿಡಿತದ ಬಗ್ಗೆ ಹೇಳಿದ್ದೂ ಒಂದೇ ಮಾತು: ಶಂಕರಪುರ ಮಲ್ಲಿಗೆಯ ಚೆಂಡು ಕೈಯಲ್ಲಿದ್ದ ಹಾಗೆ ಹಿಡಿಯಿರಿ ಸರ್, ಜಾರಲೂಬಾರದು, ನಲುಗಲೂಬಾರದು. ಯಾಕೆ ಸಡಿಲ ಹಿಡಿಯಬೇಕು ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಡ್ರೈವರ್‌ನ ತಲೆ ಸುಮಾರು 200 ಗ್ರಾಂ ತೂಗುತ್ತದೆ. ಅದು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಸುತ್ತುವಾಗ ಹೊರಕ್ಕೆ ಎಳೆಯುವ ಬಲ, ಸುಮಾರು 20 ಕಿಲೋ ತೂಕ ಎಳೆದಷ್ಟು. ಬಾಗಿದ ಮಣಿಕಟ್ಟನ್ನು ಬಿಚ್ಚಲು, ತೋಳನ್ನು ನೇರ ಮಾಡಲು ಅಷ್ಟು ಬೇಕಾದಷ್ಟಾಯಿತು. ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಒಂದೊಂದೂ ನಿಧಾನ ಆಗುತ್ತಾ ತನ್ನ ವೇಗವನ್ನು ಮುಂದಿನದಕ್ಕೆ ದಾಟಿಸುತ್ತದೆ. ನಡುವೆ ಮುಂಗೈ ಬಿಗಿ ಹಿಡಿದರೆ ದಾರಿ ಮುಚ್ಚಿದ ಹಾಗೆ.

ಮೂರು ವಾರ ಮುಗಿದ ಮೇಲೆ ವೆಡ್ಜ್ ಹಿಡಿದರು. ಎರಡೂ ಕಾಲು ಜೋಡಿಸಿ ನಿಂತು, ಸೊಂಟದೆತ್ತರದ ಬೀಸು, ಅಷ್ಟೇ. ಕಾಲು ಜೋಡಿಸಿದಾಗ ಬಲ ಹಾಕಿದರೆ ವಾಲಿ ಬೀಳುತ್ತೀರಿ, ಮೈ ತಾನಾಗಿ ಮೆದುವಾಗುತ್ತದೆ. ಚೆಂಡು ಇಲ್ಲ. ಹುಲ್ಲನ್ನು ಸವರಿದ ಸದ್ದು ಮಾತ್ರ ಕೇಳಬೇಕು. ಹತ್ತು ಸಲ ಒಂದೇ ಜಾಗದಲ್ಲಿ ಕೇಳಿದ ಮೇಲೆ, ಆ ಜಾಗಕ್ಕಿಂತ ಒಂದು ಬೆರಳು ಹಿಂದೆ ಚೆಂಡು ಇಟ್ಟೆ. "ಇದನ್ನು ಹೊಡೆಯಬೇಡಿ ಸರ್. ನಿಮ್ಮ ದಾರಿಯಲ್ಲಿ ಸಿಕ್ಕಿದೆ, ಅಷ್ಟೇ."

ಚೆಂಡು ಮೆತ್ತಗೆ ಎದ್ದು ಹೋಯಿತು. ಅವರು ಕ್ಲಬ್ ನೋಡಿದರು. "ತಾಗಿದ್ದೇ ಗೊತ್ತಾಗಲಿಲ್ಲ" ಎಂದರು.

ಬಿಟ್ಟುಬಿಡೋಣ ಎನ್ನಿಸಿದ ಹದಿನೈದು ದಿನ

ಇಲ್ಲಿಂದ ಎಲ್ಲವೂ ಸಲೀಸಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಪೂರ್ತಿ ಸ್ವಿಂಗಿಗೆ ಬಂದಾಗ ದೂರ ಕಡಿಮೆಯಾಯಿತು. ಸೆವೆನ್ ಐರನ್ ಮೊದಲು ಸರಿಯಾಗಿ ತಾಗಿದ ದಿನ 130 ಯಾರ್ಡ್ ಹೋಗುತ್ತಿತ್ತು. ಈಗ 115. ದೂರ ಬೇಕು ಎಂದು ಬಂದವರಿಗೆ ಇದು ಹೇಗಿರಬೇಡ? ಜೊತೆಯಲ್ಲಿ ಆಡುವವರೂ ಮಾತಾಡಲು ಶುರು ಮಾಡಿದರು.

ನಾನು ಒಂದು ಚೀಟಿ ತಂದು 20 ಚೆಂಡು ಬಿದ್ದ ಜಾಗಗಳನ್ನೆಲ್ಲ ಗುರುತು ಹಾಕಿ ತೋರಿಸಿದೆ. ಮೊದಲು ಒಂದು 130, ಮುಂದಿನದು 90, ಆಮೇಲೆ 70. ಈಗ ಹೆಚ್ಚಿನವು 110ರಿಂದ 118ರ ನಡುವೆ. ಅವರು ಲೆಕ್ಕದ ಮನುಷ್ಯ. ಚೀಟಿಯನ್ನು ಜೇಬಿಗೆ ಹಾಕಿಕೊಂಡು, "ಇನ್ನು ಹದಿನೈದು ದಿನ ನೋಡುವ" ಎಂದರು. ಆ ಚೀಟಿ ಇರದಿದ್ದರೆ ಅವರು ಹಳೆಯ ದಾರಿಗೆ ಮರಳುತ್ತಿದ್ದರು ಎಂದೇ ನನ್ನ ನಂಬಿಕೆ. ವೇಗ ಮೆಲ್ಲನೆ ವಾಪಸ್ ಬಂತು. ಎರಡು ತಿಂಗಳಿಗೆ ಸೆವೆನ್ ಐರನ್ 128ಕ್ಕೆ ನಿಂತಿತು, ಮೊಣಕೈ ನೋವಿಲ್ಲದೆ.

ಆದರೆ ಡ್ರೈವರ್ ಇನ್ನೂ ಬಲಕ್ಕೆ ಬಾಗುತ್ತಿತ್ತು. ಮೊದಲಿನಷ್ಟು ಅಲ್ಲ, ಆದರೂ ಇತ್ತು. ಬೀಸು ಸರಿ ಆದರೆ ಎಲ್ಲವೂ ಸರಿ ಆಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೀಸು ಒಂದೇ ಕೆಲಸವನ್ನು ಮತ್ತೆ ಮತ್ತೆ ಹಾಗೆಯೇ ಮಾಡುತ್ತದೆ. ಮುಖ ತೆರೆದಿದ್ದರೆ ತೆರೆದದ್ದನ್ನೇ ಮಾಡುತ್ತದೆ. ಆಗ ಗ್ರಿಪ್ಪನ್ನು ಹೊಸದಾಗಿ ನೋಡಿದೆವು. ನಾನು ಹಿಂದೆ ಮಾಡಿಸಿದ ಅತಿರೇಕವೂ ಬೇಡ, ಅವರ ಹಳೆಯದೂ ಬೇಡ. ಎಡಗೈಯನ್ನು ಮೇಲಿನಿಂದ ನೋಡಿದರೆ ಎರಡು ಗೆಣ್ಣು ಕಾಣುವಷ್ಟು. ನೆಲದ ಮೇಲೆ ಎರಡು ಕೋಲು ಇಟ್ಟು ನಿಲುವಿನ ದಿಕ್ಕು ಸರಿ ಮಾಡಿದೆವು. ಈ ಎರಡೂ ಬೀಸಿಗೆ ಮೊದಲು ಮಾಡುವ ಕೆಲಸ, ನಿಂತು ಸಾವಕಾಶ ಮಾಡಬಹುದು. ಆಮೇಲೆ ಎಣಿಕೆ ಮಾತ್ರ. ಆರು ವಾರ ನಾನು ಕಲಿಸಿದ್ದನ್ನು ಈಗ ಹೀಗೆ ಬೇರ್ಪಡಿಸುತ್ತೇನೆ: ಯೋಚಿಸಿ ಮಾಡಬೇಕಾದ್ದೆಲ್ಲ ಕ್ಲಬ್ ಅಲುಗುವ ಮೊದಲೇ ಮುಗಿಯಬೇಕು.

ದೂರವನ್ನು ಅಳೆಯುವುದು

50 ಯಾರ್ಡಿನ ತೊಂದರೆ ಬಿಡಿಸಿದ್ದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ರಾಯರು ಹತ್ತಿರದ ಹೊಡೆತಕ್ಕೂ ಕ್ಲಬ್ಬನ್ನು ಪೂರ್ತಿ ಮೇಲೆತ್ತುತ್ತಿದ್ದರು. ಕೆಳಗೆ ಬರುವಾಗ ಅಯ್ಯೋ ಜಾಸ್ತಿಯಾಯಿತು ಎಂದು ಬ್ರೇಕ್ ಹಾಕುತ್ತಿದ್ದರು. ಬ್ರೇಕ್ ಬಿದ್ದ ಕ್ಲಬ್ ನೆಲಕ್ಕೆ ಕಚ್ಚುತ್ತದೆ. ಬ್ರೇಕ್ ಬೀಳದ ದಿನ ಚೆಂಡು ಗ್ರೀನ್ ದಾಟುತ್ತದೆ.

ಜೋಕಾಲಿಯನ್ನು ಎಷ್ಟು ಹಿಂದಕ್ಕೆ ಎಳೆದು ಬಿಡುತ್ತೀರೋ ಅಷ್ಟು ಅದು ಮುಂದೆ ಹೋಗುತ್ತದೆ. ಇಲ್ಲೂ ಅಷ್ಟೇ. ಬಲವನ್ನು ಬದಲಿಸುವುದು ಬೇಡ, ಉದ್ದವನ್ನು ಬದಲಿಸಬೇಕು. ಒಂದೇ ವೆಡ್ಜ್, ಒಂದೇ ಎಣಿಕೆ, ಕೈ ಹೋಗುವ ಎತ್ತರ ಮೂರು. ಸೊಂಟದವರೆಗೆ ಎತ್ತಿದರೆ 30 ಯಾರ್ಡ್, ಎದೆಯವರೆಗೆ 50, ಭುಜದವರೆಗೆ 70. ಇವು ರಾಯರ ಅಳತೆ. ನಿಮ್ಮದು ಬೇರೆ ಇರುತ್ತದೆ, ನೀವೇ ಅಳೆದು ಬರೆದಿಟ್ಟುಕೊಳ್ಳಬೇಕು. ಹಿಂದೆ ಎಷ್ಟು ಹೋಯಿತೋ ಮುಂದೆಯೂ ಕಡಿಮೆ ಎಂದರೆ ಅಷ್ಟು ಹೋಗಬೇಕು.

ಅವರಿಗೆ ಆಗ ಅದಿತಿ ಅಶೋಕ್ ಅವರ ಆಟ ನೋಡಲು ಹೇಳಿದೆ. ಬೆಂಗಳೂರಿನ ಹುಡುಗಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯುವವರ ಪಟ್ಟಿಯಲ್ಲಿ ಆಕೆ ಹಿಂದಿನ ಸಾಲಿನವರು. ಜಗತ್ತಿನ ದೊಡ್ಡ ಆಟಗಾರ್ತಿಯರ ಜೊತೆ ಆಕೆ ಸೆಣಸಿದ್ದು ಗ್ರೀನ್ ಹತ್ತಿರದ ಆಟದಿಂದ, ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟಿಂಗ್‌ನಿಂದ. ರಾಯರು ನೋಡಿದ ಮೇಲೆ ಆ 20 ಯಾರ್ಡಿನ ಮಾತು ಮತ್ತೆ ಎತ್ತಲಿಲ್ಲ.

ಮಳೆಗಾಲ ಇನ್ನೊಂದು ಪರೀಕ್ಷೆ ತಂದಿತು. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನೆಲ ಕೆಸರು, ಚೆಂಡು ಉರುಳುವುದಿಲ್ಲ, ಮಧ್ಯಾಹ್ನ ಆದರೆ ಕಡಲ ಗಾಳಿ. ಎದುರುಗಾಳಿಗೆ ಜೋರಾಗಿ ಹೊಡೆದರೆ ಚೆಂಡಿಗೆ ಸ್ಪಿನ್ ಜಾಸ್ತಿಯಾಗುತ್ತದೆ, ಗಾಳಿಯಲ್ಲಿ ಮೇಲೆ ಮೇಲೆ ಏರಿ ಅಲ್ಲೇ ಬೀಳುತ್ತದೆ. ಒಂದು ದಿನ ಗ್ರೀನ್‌ಗೆ 125 ಯಾರ್ಡ್ ಇತ್ತು, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ರಾಯರು ಸೆವೆನ್ ಐರನ್ ತೆಗೆದರು, ಮತ್ತೆ ಬ್ಯಾಗಿಗೆ ಹಾಕಿದರು. ಅದಕ್ಕಿಂತ ದೂರ ಹೋಗುವ ಫೈವ್ ಐರನ್ ತೆಗೆದು, ಎದೆಯೆತ್ತರದ ಬೀಸು ಮಾಡಿದರು. ಚೆಂಡು ತಗ್ಗಿನಲ್ಲೇ ಹೋಗಿ ಗ್ರೀನ್ ಅಂಚಿಗೆ ಬಿತ್ತು. ನಾನು ಒಂದು ಮಾತೂ ಹೇಳಿರಲಿಲ್ಲ. ಅವರಿಗೆ ಕಲಿಸಿದ್ದು ಕೈಗೆ ಹತ್ತಿತು ಎಂದು ನನಗೆ ಖಾತ್ರಿ ಆದದ್ದು ಆ ದಿನ.

ಇದೇ ದಾರಿ ಇನ್ನೊಬ್ಬರಿಗೆ

ಈ ಯಶಸ್ಸಿನ ಹುರುಪಿನಲ್ಲಿ 22 ವರ್ಷದ ಒಬ್ಬ ಹುಡುಗನಿಗೂ ಬೈರಾಸು ಕೊಟ್ಟೆ. ಅವನ ಸಮಸ್ಯೆ ಬಿಗಿತ ಅಲ್ಲ. ಅವನು ಮೈಯನ್ನೇ ತಿರುಗಿಸುತ್ತಿರಲಿಲ್ಲ. ಸಡಿಲ ಬಿಡು ಎಂದಾಗ ಇನ್ನೂ ಸೊರಗಿದ. ಬೀಸಿಗೆ ಮೂಲದಲ್ಲಿ ಸೊಂಟ, ಬೆನ್ನು ತಿರುಗಿದ ಬಲ ಬೇಕೇ ಬೇಕು. ಬಲೆ ಬೀಸುವವರೂ ಮೈಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಯೇ ಬಿಡುವುದು. ಆ ಹುಡುಗನಿಗೆ ಮೊದಲು ತಿರುಗುವುದನ್ನು ಕಲಿಸಬೇಕಾಯಿತು. ಆದ್ದರಿಂದ ಕಲಿಸುವವರಿಗೆ ನನ್ನ ಮಾತು: ಹೊಸಬರು ಬಂದರೆ ಮೊದಲು ಆ "ಸುಯ್" ಸದ್ದು ಕೇಳಿ, ಕೈಯ ಗೆಣ್ಣು ಬೆಳ್ಳಗಾಗಿದೆಯೇ ನೋಡಿ, ಎಲ್ಲಿ ನೋವು ಉಂಟು ಎಂದು ವಿಚಾರಿಸಿ. ಸೂಚನೆ ಆಮೇಲೆ ಕೊಟ್ಟರಾಯಿತು.

ಒಂದು ವರ್ಷದಲ್ಲಿ ರಾಯರ ಹ್ಯಾಂಡಿಕ್ಯಾಪ್ 26ರಿಂದ 21ಕ್ಕೆ ಬಂತು. ಕೊನೆಯ ಎರಡು ಮೂರು ಹೋಲ್‌ಗಳಲ್ಲಿ, ಸ್ಕೋರ್ ಚೆನ್ನಾಗಿದ್ದ ದಿನ, ಈಗಲೂ ಹಳೆಯ ಹೊಡೆತ ಹೊರಗೆ ಬರುತ್ತದೆ. ಆಗ ಅವರು ಬ್ಯಾಗಿನಿಂದ ಗಂಟು ಹಾಕಿದ ಬೈರಾಸು ತೆಗೆದು ಎರಡು ಸಲ ಬೀಸುತ್ತಾರೆ. ಜೊತೆಯವರಿಗೂ ಅದು ಈಗ ಅಭ್ಯಾಸ ಆಗಿದೆ.

ಬಂಕರ್ (ಮರಳಿನ ಗುಂಡಿ) ಮಾತ್ರ ಬಾಕಿ ಉಂಟು. ಮರಳು ಕಂಡರೆ ಅವರ ಮುಂಗೈ ಮತ್ತೆ ಬಿಗಿಯಾಗುತ್ತದೆ. ಬರುವ ವಾರದಿಂದ ಅದನ್ನು ಹಿಡಿಯುತ್ತೇವೆ. ಚೆಂಡು ಇಡುವುದಿಲ್ಲ. ಮರಳಿನ ಮೇಲೆ ಒಂದು ಗೆರೆ ಎಳೆದು, ಹತ್ತಕ್ಕೆ ಹತ್ತು ಸಲ ಮರಳು ಆ ಗೆರೆಯಿಂದಲೇ ಹಾರುವವರೆಗೆ ಬೀಸುವುದು.